ಕಾಣುವ ಲೆಕ್ಕ, ಇರುವ ಲೆಕ್ಕ

ಮಹಿಳಾ ವಿಭಾಗದ ಕಂಪ್ಯೂಟರ್ ಮಾಹಿತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ

ಫೋರ್ಟಿನ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಮೂರು ದಶಕ ಕೆಲಸ ಮಾಡಿ ನಿವೃತ್ತಳಾದವಳು ನಾನು. ಭಾಷಣ ಮಾಡಿ ಅಭ್ಯಾಸವಿಲ್ಲ. ಇಂದು ನನಗೆ ಕೊಟ್ಟಿರುವ ವಿಷಯ 'ಎಕ್ಸೆಲ್‌ನಲ್ಲಿ ಲೆಕ್ಕ ಇಡುವುದು ಹೇಗೆ' ಎಂದು. ಅದು ಒಂದು ಗಂಟೆಯಲ್ಲಿ ಮುಗಿಯುವ ಮಾತಲ್ಲ. ಅದಕ್ಕೇ ಅದರಲ್ಲಿ ಒಂದೇ ಒಂದು ಚಿಕ್ಕ ಭಾಗವನ್ನು ಆರಿಸಿಕೊಂಡಿದ್ದೇನೆ. ಅದು ದಶಾಂಶದ ಬಿಂದು, ಅಂದರೆ ರೂಪಾಯಿಯ ನಂತರ ಬರುವ ಪೈಸೆಯ ಲೆಕ್ಕ. 'ಈಗ ಪೈಸೆಗೆ ಯಾರು ಬೆಲೆ ಕೊಡುತ್ತಾರೆ' ಎಂದು ನೀವು ನಗಬಹುದು. ಆದರೆ ನಮ್ಮಲ್ಲಿ ಎಷ್ಟೋ ಮಂದಿ ಬಚತ್ ಗಟ್‌ನ ಲೆಕ್ಕ ಬರೆಯುತ್ತೇವೆ, ಭಿಶಿ ನಡೆಸುತ್ತೇವೆ, ಅರಿಶಿನ ಕುಂಕುಮದ ವಂತಿಗೆ ಸಂಗ್ರಹಿಸುತ್ತೇವೆ, ಹೌಸಿಂಗ್ ಸೊಸೈಟಿಯ ಕಮಿಟಿಯಲ್ಲಿ ಕೋಶಾಧಿಕಾರಿಯಾಗಿದ್ದೇವೆ. ನಮ್ಮ ಕೈಗೆ ಬಂದಿರುವುದು ಇನ್ನೊಬ್ಬರ ಹಣ. ಅಲ್ಲಿ ಐದು ರೂಪಾಯಿ ಹೊಂದಿಕೆಯಾಗದಿದ್ದರೆ ಪ್ರಶ್ನೆ ಬರುವುದು ಐದು ರೂಪಾಯಿಯ ಮೇಲಲ್ಲ, ನಮ್ಮ ಮೇಲೆ.

ಮೊದಲು ಒಂದು ಸಣ್ಣ ಪ್ರಯೋಗ ಮಾಡೋಣ. ಲ್ಯಾಪ್‌ಟಾಪ್ ತಂದವರು ಎಕ್ಸೆಲ್ ತೆರೆಯಿರಿ. ಮೊಬೈಲಿನಲ್ಲಿ ಗೂಗಲ್ ಶೀಟ್ಸ್ ಇದ್ದರೂ ಸಾಕು. ಹಾಳೆಯಲ್ಲಿ ಕಾಣುವ ಒಂದೊಂದು ಚೌಕವನ್ನೂ ಸೆಲ್ ಎನ್ನುತ್ತಾರೆ. ಒಂದು ಸೆಲ್‌ನಲ್ಲಿ ಸಮ ಚಿಹ್ನೆ ಹಾಕಿ ಸಾವಿರವನ್ನು ಮೂರರಿಂದ ಭಾಗಿಸಿ. 333.3333 ಎಂದು ಸೆಲ್‌ನ ಅಗಲ ಇರುವಷ್ಟೂ ಮೂರುಗಳು ಬರುತ್ತವೆ. ಈಗ ಮೇಲೆ ಹೋಮ್ ಪಟ್ಟಿಯಲ್ಲಿ ನಂಬರ್ ಎಂಬ ಗುಂಪನ್ನು ನೋಡಿ. ಅಲ್ಲಿ ಸೊನ್ನೆಗಳೂ ಬಾಣವೂ ಇರುವ ಎರಡು ಗುಂಡಿಗಳಿವೆ. ಒಂದು ಇನ್‌ಕ್ರೀಸ್ ಡೆಸಿಮಲ್, ಇನ್ನೊಂದು ಡಿಕ್ರೀಸ್ ಡೆಸಿಮಲ್. ಎರಡನೆಯದನ್ನು ಒತ್ತುತ್ತಾ ಹೋಗಿ. ಒಂದೊಂದು ಸಲಕ್ಕೂ ಒಂದೊಂದು ಮೂರು ಮಾಯವಾಗಿ ಕೊನೆಗೆ ಬರೀ 333 ಉಳಿಯುತ್ತದೆ. ನೋಡಲು ಚೊಕ್ಕಟವಾಗಿದೆ, ಅಲ್ಲವೇ?

ಈಗ ಪಕ್ಕದ ಸೆಲ್‌ನಲ್ಲಿ ಈ ಸಂಖ್ಯೆಯನ್ನು ಮೂರರಿಂದ ಗುಣಿಸಿ. 333 ಅನ್ನು ಮೂರರಿಂದ ಗುಣಿಸಿದರೆ 999 ಎಂದು ಎರಡನೇ ಕ್ಲಾಸಿನ ಮಗುವೂ ಹೇಳುತ್ತದೆ. ಎಕ್ಸೆಲ್ ಹೇಳುವುದು 1000. ಯಾಕೆ? ನೀವು ಒತ್ತಿದ ಗುಂಡಿ ಸಂಖ್ಯೆಯನ್ನು ಬದಲಿಸಲಿಲ್ಲ, ಅದು ಕಾಣುವ ರೀತಿಯನ್ನು ಮಾತ್ರ ಬದಲಿಸಿತು. ಬೆಲೆ ಹಾಗೆಯೇ ಒಳಗಿದೆ. ಸೆಲ್‌ನಲ್ಲಿ ಕಾಣುವುದು ಬೇರೆ, ಸೆಲ್‌ನಲ್ಲಿ ಇರುವುದು ಬೇರೆ. ಇಂದಿನ ನನ್ನ ಇಡೀ ಭಾಷಣ ಈ ಒಂದು ವಾಕ್ಯವೇ. ಉಳಿದದ್ದೆಲ್ಲ ಇದರ ವಿವರಣೆ.

ಇದರಿಂದ ಏನಾಗುತ್ತದೆ ಎನ್ನುವುದಕ್ಕೆ ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ಪಶ್ಚಿಮ ಉಪನಗರದ ಒಂದು ಬಚತ್ ಗಟ್. ಊರು, ಹೆಸರು ಬೇಡ. ಇಪ್ಪತ್ತಮೂರು ಹೆಂಗಸರು, ಎಲ್ಲರೂ ತಿಂಗಳಿಗೆ ಒಂದೇ ಮೊತ್ತ ಕಟ್ಟುವವರು. ಆ ಹಣದಿಂದ ಸದಸ್ಯೆಯರಿಗೆ ಸಾಲ ಕೊಟ್ಟು, ಬಂದ ಬಡ್ಡಿಯನ್ನು ದೀಪಾವಳಿಗೆ ಎಲ್ಲರೂ ಸಮನಾಗಿ ಹಂಚಿಕೊಳ್ಳುವ ಪದ್ಧತಿ. ಲೆಕ್ಕ ಬರೆಯುತ್ತಿದ್ದಾಕೆ ಬಹಳ ಅಚ್ಚುಕಟ್ಟಿನ ಹೆಂಗಸು. ಒಂದು ವರ್ಷ ಬಡ್ಡಿ 10,000 ರೂಪಾಯಿ ಬಂತು. ಇಪ್ಪತ್ತಮೂರರಿಂದ ಭಾಗಿಸಿದರೆ ತಲೆಗೆ 434.7826 ರೂಪಾಯಿ. ಆಕೆ ದಶಾಂಶ ಕಡಿಮೆ ಮಾಡುವ ಗುಂಡಿ ಒತ್ತಿದರು. ಪ್ರತಿಯೊಬ್ಬರ ಎದುರು 435 ಎಂದು ಕಾಣಿಸಿತು. ಕೆಳಗೆ ಮೊತ್ತ 10,000 ಎಂದೇ ಕಾಣಿಸಿತು. ಎಲ್ಲ ಸರಿ ಎಂದು ಎಲ್ಲರಿಗೂ 435 ಕೊಟ್ಟರು. ಆದರೆ 435 ಅನ್ನು 23ರಿಂದ ಗುಣಿಸಿದರೆ 10,005. ಕೈಯಲ್ಲಿ ಐದು ರೂಪಾಯಿ ಕಡಿಮೆ ಬಿತ್ತು. ಐದು ರೂಪಾಯಿಗೆ ಯಾರನ್ನು ಕೇಳುವುದು ಎಂದು ತಮ್ಮ ಪರ್ಸಿನಿಂದಲೇ ಹಾಕಿದರು. ಯಾರಿಗೂ ಹೇಳಲಿಲ್ಲ, ಪುಸ್ತಕದಲ್ಲೂ ಬರೆಯಲಿಲ್ಲ.

ಮುಂದಿನ ವರ್ಷ ಮೂವರು ಹೊಸಬರು ಸೇರಿ ಇಪ್ಪತ್ತಾರು ಮಂದಿಯಾದರು. ಬಡ್ಡಿ 11,500. ತಲೆಗೆ 442.3077. ಪರದೆಯ ಮೇಲೆ 442 ಕಾಣಿಸಿತು, ಅಷ್ಟನ್ನೇ ಕೊಟ್ಟರು. ಒಟ್ಟು ಕೊಟ್ಟದ್ದು 11,492. ಈ ಸಲ ಎಂಟು ರೂಪಾಯಿ ಉಳಿಯಿತು. ಒಬ್ಬ ಸದಸ್ಯೆ ಅಲ್ಲಿಯೇ ಮೊಬೈಲಿನಲ್ಲಿ ಗುಣಿಸಿ ನೋಡಿ ಕೇಳಿದರು, 'ಹಾಳೆಯಲ್ಲಿ 11,500 ಎಂದಿದೆ, ಕೊಟ್ಟದ್ದು 11,492. ಉಳಿದದ್ದು ಎಲ್ಲಿ? ಹಿಂದಿನ ವರ್ಷಗಳಲ್ಲಿ ಎಷ್ಟು ಉಳಿದಿತ್ತು?' ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಆ ಪ್ರಶ್ನೆಗೆ ಹಾಳೆಯಲ್ಲಿ ಉತ್ತರವಿರಲಿಲ್ಲ. ಹಿಂದಿನ ವರ್ಷ ಕೈಯಿಂದ ಹಾಕಿದ್ದೇನೆ ಎಂದರೆ ನಂಬಲು ದಾಖಲೆ ಇಲ್ಲ. ಆಕೆ ಅವತ್ತೇ ಪುಸ್ತಕ, ಕೀಲಿಕೈ, ಎಂಟು ರೂಪಾಯಿ ಎಲ್ಲವನ್ನೂ ಮೇಜಿನ ಮೇಲಿಟ್ಟು ಮನೆಗೆ ಹೋದರು.

ಲೆಕ್ಕ ನೋಡಿಕೊಡಿ ಎಂದು ನನ್ನನ್ನು ಕರೆದಾಗ ನಾನು ಮಾಡಿದ್ದು ಇಷ್ಟೇ. ಫೈಲ್ ತೆರೆದು ಇನ್‌ಕ್ರೀಸ್ ಡೆಸಿಮಲ್ ಗುಂಡಿಯನ್ನು ನಾಲ್ಕು ಸಲ ಒತ್ತಿದೆ. 435 ಇದ್ದಲ್ಲಿ 434.7826 ಬಂತು, 442 ಇದ್ದಲ್ಲಿ 442.3077 ಬಂತು. ಎಲ್ಲರಿಗೂ ಅರ್ಥವಾಯಿತು. ಕೇಳಿದ ಸದಸ್ಯೆಯೇ ಆಕೆಯ ಮನೆಗೆ ಹೋಗಿ ಮಾತಾಡಿ ಬಂದರು. ಆಕೆ ಈಗಲೂ ಗಟ್‌ನಲ್ಲಿದ್ದಾರೆ, ಭಜನೆಗೂ ಬರುತ್ತಾರೆ. ಆದರೆ ಲೆಕ್ಕದ ಪುಸ್ತಕವನ್ನು ಮತ್ತೆ ಮುಟ್ಟಲಿಲ್ಲ. ಒಳ್ಳೆಯ ಕೋಶಾಧಿಕಾರಿಯನ್ನು ಆ ಗಟ್ ಕಳೆದುಕೊಂಡಿತು.

ಹಾಗಾದರೆ ಏನು ಮಾಡಬೇಕಿತ್ತು? ಹಂಚುವಾಗ ಮೊದಲೇ ಒಂದು ನಿಯಮ ಇಟ್ಟುಕೊಳ್ಳಬೇಕು: ತಲೆಗೆ ಬರುವ ಪಾಲಿನಲ್ಲಿ ಪೈಸೆ ಬಿಟ್ಟು ಪೂರ್ತಿ ರೂಪಾಯಿ ಮಾತ್ರ ಕೊಡುವುದು, ಉಳಿದದ್ದನ್ನು 'ಮುಂದಿನ ವರ್ಷಕ್ಕೆ' ಎಂದು ಪ್ರತ್ಯೇಕ ಸಾಲಿನಲ್ಲಿ ಬರೆಯುವುದು. ಮೊದಲ ವರ್ಷ ತಲೆಗೆ 434 ಕೊಟ್ಟರೆ ಆಗುವುದು 9,982. ಉಳಿದ 18 ರೂಪಾಯಿ ಪುಸ್ತಕದಲ್ಲಿರುತ್ತದೆ. ಮುಂದಿನ ವರ್ಷದ 11,500ಕ್ಕೆ ಈ 18 ಸೇರಿದರೆ 11,518. ಇಪ್ಪತ್ತಾರರಿಂದ ಭಾಗಿಸಿ ನೋಡಿ. ತಲೆಗೆ ಸರಿಯಾಗಿ 443, ಒಂದು ಪೈಸೆಯೂ ಉಳಿಯುವುದಿಲ್ಲ! ಪ್ರತಿ ವರ್ಷವೂ ಹೀಗೆ ಸರಿಹೋಗುತ್ತದೆ ಎಂದಲ್ಲ. ಆದರೆ ಕೈಯಿಂದ ಹಾಕುವ ಪ್ರಸಂಗ ಎಂದೂ ಬರುವುದಿಲ್ಲ, ಉಳಿದದ್ದು ಎಲ್ಲಿ ಎಂದು ಕೇಳಿದರೆ ಬೆರಳಿಟ್ಟು ತೋರಿಸಬಹುದು.

ಇದನ್ನು ಎಕ್ಸೆಲ್‌ಗೆ ಹೇಳುವುದು ಹೇಗೆ? ಅದಕ್ಕೆ ಮೂರು ಸೂತ್ರಗಳಿವೆ. ಮೊದಲನೆಯದು ರೌಂಡ್. ಸಮ ಚಿಹ್ನೆ ಹಾಕಿ ರೌಂಡ್ ಎಂದು ಇಂಗ್ಲಿಷಿನಲ್ಲಿ ಬರೆದು, ಆವರಣದೊಳಗೆ ಸಂಖ್ಯೆ ಇರುವ ಸೆಲ್‌ನ ಹೆಸರು, ಒಂದು ಕಾಮಾ, ನಂತರ ಎಷ್ಟು ದಶಾಂಶ ಬೇಕೋ ಅದನ್ನು ಬರೆಯಬೇಕು. 2 ಎಂದರೆ ಪೈಸೆಯವರೆಗೆ, 0 ಎಂದರೆ ಪೂರ್ತಿ ರೂಪಾಯಿಗೆ. ಋಣ ಚಿಹ್ನೆಯೊಂದಿಗೆ 1 ಬರೆದರೆ ಹತ್ತರ ಹತ್ತಿರಕ್ಕೆ. ಅರ್ಧ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೇಲಕ್ಕೆ, ಕಡಿಮೆಯಿದ್ದರೆ ಕೆಳಕ್ಕೆ. ಎರಡನೆಯದು ರೌಂಡ್‌ಡೌನ್, ಎಷ್ಟಿದ್ದರೂ ಕೆಳಕ್ಕೇ ಇಳಿಸುತ್ತದೆ. ಪಾಲು ಹಂಚಲು ಇದೇ ಬೇಕು. ಮೂರನೆಯದು ರೌಂಡ್‌ಅಪ್, ಸ್ವಲ್ಪವಿದ್ದರೂ ಮೇಲಕ್ಕೆ ಏರಿಸುತ್ತದೆ. ಪಿಕ್ನಿಕ್ಕಿಗೆ ಬಸ್ಸು ಎಷ್ಟು ಬೇಕು ಎನ್ನುವಾಗ ಇದು. ಲೆಕ್ಕದಲ್ಲಿ 2.1 ಬಸ್ಸು ಬಂದರೆ ಮೂರು ಬಸ್ಸೇ ಬೇಕಲ್ಲವೇ, ಇಲ್ಲದಿದ್ದರೆ ಐದಾರು ಮಂದಿ ಬಸ್ಸಿನ ಟಾಪಿನ ಮೇಲೆ! ಈ ಮೂರೂ ಸೂತ್ರಗಳು ಗುಂಡಿಯ ಹಾಗಲ್ಲ. ಇವು ಕೊಡುವ ಉತ್ತರದಲ್ಲಿ ಕಾಣುವುದೂ ಇರುವುದೂ ಒಂದೇ.

ಪೈಸೆಯನ್ನು ಎಲ್ಲಿ ಬಿಡುವುದು, ಎಲ್ಲಿ ಹಿಡಿಯುವುದು ಎಂಬ ತಕರಾರು ಕಂಪ್ಯೂಟರಿನಿಂದ ಬಂದದ್ದಲ್ಲ. ನಮ್ಮಲ್ಲಿ ಹಿರಿಯರು ಕೆಲವರಿಗೆ ನೆನಪಿರಬಹುದು. 1957ರ ಏಪ್ರಿಲ್ 1ರಂದು ದೇಶದಲ್ಲಿ ನಯಾ ಪೈಸೆ ಬಂತು. ಅದುವರೆಗೆ ರೂಪಾಯಿಗೆ ಹದಿನಾರು ಆಣೆ. ಹೊಸ ಲೆಕ್ಕದಲ್ಲಿ ಒಂದು ಆಣೆಗೆ 6.25 ನಯಾ ಪೈಸೆ ಆಗಬೇಕು. ಕಾಲು ಪೈಸೆಯ ನಾಣ್ಯವೇ ಇಲ್ಲ. ಹಾಗಾಗಿ ಒಂದು ಆಣೆಗೆ 6 ಪೈಸೆ, ನಾಲ್ಕಾಣೆಗೆ 25 ಪೈಸೆ. ಒಂದೊಂದು ಆಣೆಯ ಸಾಮಾನನ್ನು ನಾಲ್ಕು ಸಲ ಕೊಂಡರೆ 24 ಪೈಸೆ, ನಾಲ್ಕನ್ನೂ ಒಟ್ಟಿಗೆ ಕೊಂಡರೆ 25. ಎಲ್ಲಿ ರೌಂಡ್ ಮಾಡುತ್ತೀರಿ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಮುಂದೆ ನಾಲ್ಕಾಣೆಯೂ ಹೋಯಿತು. 2011ರ ಜೂನ್ ಅಂತ್ಯಕ್ಕೆ 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳ ಚಲಾವಣೆ ನಿಂತಿತು.

ಇದೇ ಮಾತು ಇಂದಿನ ಹೋಟೆಲ್ ಬಿಲ್ಲಿನಲ್ಲೂ ಇದೆ. ಮುಂಬಯಿಯಲ್ಲಿ ಕನ್ನಡಿಗರಿಗೂ ಹೋಟೆಲಿಗೂ ಇರುವ ನಂಟನ್ನು ನಾನು ಹೇಳಬೇಕಿಲ್ಲ. ಮಾಟುಂಗದ ಒಂದು ಹೋಟೆಲಿನಲ್ಲಿ ಕುಳಿತಿದ್ದೀರಿ, ದೋಸೆಗೆ 65 ರೂಪಾಯಿ ಎಂದಿಟ್ಟುಕೊಳ್ಳಿ. ಜಿಎಸ್‌ಟಿ ಶೇಕಡಾ 5, ಅದರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. 65ರ ಮೇಲೆ ಎರಡೂವರೆ ಶೇಕಡಾ ಎಂದರೆ 1.625. ಎರಡು ದಶಾಂಶಕ್ಕೆ ತಂದರೆ 1.63. ಎರಡೂ ಸೇರಿ 3.26. ಆದರೆ 65ರ ಶೇಕಡಾ 5 ನೇರವಾಗಿ 3.25. ಒಂದು ಪೈಸೆ ಹೆಚ್ಚಾಯಿತು. ಹತ್ತು ದೋಸೆಗೆ ಒಂದೊಂದಕ್ಕೂ ಬೇರೆ ಬೇರೆ ತೆರಿಗೆ ಲೆಕ್ಕ ಹಾಕಿ ಕೂಡಿಸಿದರೆ 32.60, ಒಟ್ಟು 650ರ ಮೇಲೆ ಒಂದೇ ಸಲ ಹಾಕಿದರೆ 32.50. ಹತ್ತು ಪೈಸೆಯ ವ್ಯತ್ಯಾಸ. ಇದರಲ್ಲಿ ಯಾರ ಮೋಸವೂ ಇಲ್ಲ, ರೌಂಡ್ ಮಾಡಿದ ಜಾಗ ಬೇರೆ, ಅಷ್ಟೇ. ಬಿಲ್ಲಿನ ಕೊನೆಯಲ್ಲಿ 'ರೌಂಡ್ ಆಫ್' ಎಂಬ ಒಂದು ಸಾಲು ಇರುತ್ತದೆ, ಗಮನಿಸಿದ್ದೀರಾ? ಆ ಸಾಲು ಬಹಳ ಒಳ್ಳೆಯ ಸಾಲು. ಎಷ್ಟು ಬಿಟ್ಟೆವು, ಎಷ್ಟು ಸೇರಿಸಿದೆವು ಎಂದು ಗ್ರಾಹಕರಿಗೆ ತೋರಿಸುವ ಸಾಲು ಅದು.

ಸರಕಾರವೂ ಈ ನಿಯಮವನ್ನು ಬಾಯಿಮಾತಿಗೆ ಬಿಟ್ಟಿಲ್ಲ. 2017ರ ಕೇಂದ್ರ ಜಿಎಸ್‌ಟಿ ಕಾಯಿದೆಯ 170ನೇ ಕಲಮಿನ ಪ್ರಕಾರ ಕಟ್ಟಬೇಕಾದ ತೆರಿಗೆಯನ್ನು ಹತ್ತಿರದ ರೂಪಾಯಿಗೆ ತರಬೇಕು. 50 ಪೈಸೆ ಅಥವಾ ಹೆಚ್ಚಿದ್ದರೆ ಒಂದು ರೂಪಾಯಿ, ಕಡಿಮೆಯಿದ್ದರೆ ಬಿಟ್ಟುಬಿಡಬೇಕು. 1961ರ ಆದಾಯ ತೆರಿಗೆ ಕಾಯಿದೆಯ 288ಎ ಕಲಮಿನಲ್ಲಿ ಒಟ್ಟು ಆದಾಯವನ್ನು ಹತ್ತು ರೂಪಾಯಿಯ ಹತ್ತಿರಕ್ಕೆ ತರುವ ನಿಯಮವಿತ್ತು. ಅಷ್ಟು ದೊಡ್ಡ ಸರಕಾರ ಐವತ್ತು ಪೈಸೆಗೆ ಒಂದು ಕಲಮು ಬರೆದಿಟ್ಟಿರುವಾಗ, ನಮ್ಮ ಬಚತ್ ಗಟ್‌ನ ನಿಯಮಾವಳಿಯಲ್ಲಿ ಒಂದು ಸಾಲು ಬರೆಯಲು ನಮಗೇನು ಕಷ್ಟ?

ಇನ್ನು, ಎಲ್ಲ ಸಂಖ್ಯೆಗಳಿಗೂ ಎರಡೇ ದಶಾಂಶ ಸಾಲದು. ಜವೇರಿ ಬಜಾರಿನಲ್ಲಿ ಬಂಗಾರ ತೂಗಿದಾಗ ಗ್ರಾಮಿನ ನಂತರ ಮೂರು ಅಂಕೆ ಬರೆಯುತ್ತಾರೆ. 8.746 ಗ್ರಾಮಿನ ಬಳೆ ಎಂದಿರಲಿ. ನಿಮ್ಮ ಹಾಳೆಯಲ್ಲಿ ಎರಡೇ ದಶಾಂಶವಿದ್ದರೆ ಅದು 8.75 ಎಂದು ಕಾಣುತ್ತದೆ. ಗ್ರಾಮಿಗೆ ಹತ್ತು ಸಾವಿರ ಎಂದು ಹಿಡಿದರೂ ಆ ವ್ಯತ್ಯಾಸ ನಲವತ್ತು ರೂಪಾಯಿ. ಫ್ಲ್ಯಾಟಿನ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಈಗ ರೇರಾ ಕಾಗದಗಳಲ್ಲಿ ಕಾರ್ಪೆಟ್ ಏರಿಯಾ ಚದರ ಮೀಟರಿನಲ್ಲಿರುತ್ತದೆ, ನಾವು ಮಾತಾಡುವುದು ಚದರ ಅಡಿಯಲ್ಲಿ. ಒಂದು ಚದರ ಮೀಟರಿಗೆ 10.764 ಚದರ ಅಡಿ. 450 ಚದರ ಅಡಿಯ ಮನೆ ಎಂದರೆ 41.81 ಚದರ ಮೀಟರು. ಯಾರೋ ಹಾಳೆಯಲ್ಲಿ ದಶಾಂಶ ತೆಗೆದರು, 42 ಎಂದು ಕಂಡಿತು. ನೀವು ಆ 42ನ್ನು ನೋಡಿ ಬರೆದುಕೊಂಡು ಗುಣಿಸಿದಿರಿ. ಮನೆ 452 ಚದರ ಅಡಿಯಾಯಿತು. ಚದರ ಅಡಿಗೆ ಇಪ್ಪತ್ತು ಸಾವಿರದ ಏರಿಯಾದಲ್ಲಿ ಇಲ್ಲದ ಎರಡು ಅಡಿಗೆ ನಲವತ್ತು ಸಾವಿರ ರೂಪಾಯಿ! ಪರದೆಯಲ್ಲಿ ಕಂಡದ್ದನ್ನು ಕೈಯಿಂದ ಬರೆದುಕೊಂಡು ಮುಂದಿನ ಲೆಕ್ಕಕ್ಕೆ ಹೋಗಬಾರದು ಎನ್ನುವುದು ಇದಕ್ಕೇ.

ಸಣ್ಣದು ಸೇರಿ ದೊಡ್ಡದಾಗುವುದಕ್ಕೆ ಪ್ರಪಂಚದಲ್ಲಿ ಪ್ರಸಿದ್ಧವಾದ ಒಂದು ಉದಾಹರಣೆಯಿದೆ. ನಮ್ಮ ದಲಾಲ್ ಸ್ಟ್ರೀಟಿನಲ್ಲಿ ಸೆನ್ಸೆಕ್ಸ್ ಇರುವ ಹಾಗೆ ಕೆನಡಾದ ವ್ಯಾಂಕೂವರ್ ಶೇರು ಪೇಟೆಯಲ್ಲೂ ಒಂದು ಸೂಚ್ಯಂಕ ಇತ್ತು. 1982ರ ಜನವರಿಯಲ್ಲಿ 1000 ಅಂಕದಿಂದ ಆರಂಭವಾಯಿತು. ಪ್ರತಿ ವ್ಯವಹಾರವಾದಾಗಲೂ ಕಂಪ್ಯೂಟರು ಸೂಚ್ಯಂಕವನ್ನು ಹೊಸದಾಗಿ ಲೆಕ್ಕ ಹಾಕಿ, ಮೂರು ದಶಾಂಶ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿ ಬಿಡುತ್ತಿತ್ತು. ರೌಂಡ್ ಮಾಡುತ್ತಿರಲಿಲ್ಲ, ಯಾವಾಗಲೂ ಕೆಳಕ್ಕೇ. ದಿನಕ್ಕೆ ಸಾವಿರಾರು ಸಲ ಹೀಗಾಗಿ, 1983ರ ನವೆಂಬರಿಗೆ ಸೂಚ್ಯಂಕ ಸುಮಾರು 524ಕ್ಕೆ ಇಳಿದಿತ್ತು. ಪೇಟೆ ಬಿದ್ದಿರಲಿಲ್ಲ, ಲೆಕ್ಕ ಬಿದ್ದಿತ್ತು. ಸರಿಪಡಿಸಿದಾಗ ಬಂದ ಅಂಕ 1098.892. ಹನಿ ಹನಿಗೂಡಿದರೆ ಹಳ್ಳ ಎಂದು ನಮ್ಮ ಹಿರಿಯರು ಉಳಿತಾಯಕ್ಕೆ ಹೇಳಿದ್ದು ಸೋರಿಕೆಗೂ ಸರಿಯೇ.

ಇದರಿಂದ ನಾವು ಕಲಿಯಬೇಕಾದದ್ದು, ನಡುನಡುವೆ ರೌಂಡ್ ಮಾಡಬಾರದು. ಲೆಕ್ಕವನ್ನು ಪೂರ್ತಿ ದಶಾಂಶಗಳೊಂದಿಗೆ ನಡೆಸಿ, ಹಣ ಕೈ ಬದಲಾಯಿಸುವ ಜಾಗದಲ್ಲಿ ಒಂದೇ ಸಲ ರೌಂಡ್ ಮಾಡಬೇಕು.

ಇನ್ನೊಂದು ಸಂಶಯ ನಿಮಗೆ ಎಂದಾದರೂ ಬಂದೇ ಬರುತ್ತದೆ. ಜಮೆಯ ಮೊತ್ತ, ಖರ್ಚು ಮತ್ತು ಶಿಲ್ಕಿನ ಮೊತ್ತ ಎರಡೂ ಒಂದೇ ಕಾಣುತ್ತವೆ, ಆದರೆ ಎರಡೂ ಸಮವೇ ಎಂದು ಎಕ್ಸೆಲನ್ನು ಕೇಳಿದರೆ ಕೆಲವೊಮ್ಮೆ ಇಲ್ಲ ಎನ್ನುತ್ತದೆ. ಗಾಬರಿಯಾಗಬೇಡಿ. ನಮಗೆ ಮೂರನೇ ಒಂದನ್ನು ದಶಾಂಶದಲ್ಲಿ ಪೂರ್ತಿಯಾಗಿ ಬರೆಯಲು ಆಗುವುದಿಲ್ಲವಲ್ಲ, ಹಾಗೆಯೇ ಒಂದು ಮತ್ತು ಸೊನ್ನೆಯಲ್ಲೇ ಲೆಕ್ಕ ಹಾಕುವ ಕಂಪ್ಯೂಟರಿಗೆ ಹತ್ತನೇ ಒಂದನ್ನು ಪೂರ್ತಿಯಾಗಿ ಬರೆಯಲು ಆಗುವುದಿಲ್ಲ. ಎಲ್ಲೋ ಬಹಳ ದೂರದ ದಶಾಂಶದಲ್ಲಿ ಒಂದು ಕೂದಲೆಳೆಯ ವ್ಯತ್ಯಾಸ ಉಳಿಯುತ್ತದೆ. ಎರಡರ ವ್ಯತ್ಯಾಸವನ್ನು ರೌಂಡ್ ಸೂತ್ರದೊಳಗೆ ಹಾಕಿ ಎರಡು ದಶಾಂಶಕ್ಕೆ ತನ್ನಿ. ಸೊನ್ನೆ ಬಂದರೆ ನಿಮ್ಮ ಲೆಕ್ಕ ಸರಿ.

ಎಕ್ಸೆಲ್‌ನ ಆಪ್ಶನ್ಸ್‌ನಲ್ಲಿ ಅಡ್ವಾನ್ಸ್ಡ್ ಎಂಬಲ್ಲಿ 'ಸೆಟ್ ಪ್ರಿಸಿಶನ್ ಆ್ಯಸ್ ಡಿಸ್‌ಪ್ಲೇಡ್' ಎಂಬ ಒಂದು ಆಯ್ಕೆ ಇದೆ. ಕಾಣುವುದನ್ನೇ ಇರುವುದಾಗಿ ಮಾಡು ಎಂದು ಅದರ ಅರ್ಥ. ಇದೇ ಸುಲಭವಲ್ಲವೇ ಎಂದು ಅನಿಸಬಹುದು. ಆದರೆ ಅದನ್ನು ಒತ್ತಿದರೆ ಆ ಫೈಲಿನಲ್ಲಿ ನೀವು ಬರೆದ ಸಂಖ್ಯೆಗಳ ಅಡಗಿರುವ ದಶಾಂಶಗಳೆಲ್ಲ ಶಾಶ್ವತವಾಗಿ ಹೋಗುತ್ತವೆ, ಆಯ್ಕೆಯನ್ನು ತೆಗೆದರೂ ಮರಳಿ ಬರುವುದಿಲ್ಲ. ನನ್ನ ಸಲಹೆ, ಅದರ ತಂಟೆಗೆ ಹೋಗಬೇಡಿ. ಇನ್ನು ಲಕ್ಷದ ಕಾಮಾಗಳು. 12,00,000 ಬದಲು 1,200,000 ಎಂದು ಕಂಡರೆ ಲೆಕ್ಕ ತಪ್ಪಿಲ್ಲ, ಕಂಪ್ಯೂಟರಿನ ರೀಜನ್ ಸೆಟ್ಟಿಂಗ್‌ನಲ್ಲಿ ಭಾರತವನ್ನು ಆರಿಸಿದರೆ ನಮ್ಮ ಕ್ರಮಕ್ಕೆ ಬರುತ್ತದೆ. ಅದೂ ಕಾಣುವ ವಿಷಯವೇ, ಇರುವ ವಿಷಯವಲ್ಲ.

ಮನೆಗೆ ಹೋದ ಮೇಲೆ ಮಾಡಲು ನಾಲ್ಕು ಕೆಲಸ ಹೇಳಿ ಮುಗಿಸುತ್ತೇನೆ. ಒಂದು, ನಿಮ್ಮ ಲೆಕ್ಕದ ಫೈಲ್ ತೆರೆದು ಹಣದ ಕಾಲಮ್ಮಿಗೆಲ್ಲ ಎರಡು ದಶಾಂಶ ಕಾಣುವಂತೆ ಮಾಡಿ. ಪೈಸೆ ಇಲ್ಲದಿದ್ದರೆ 50.00 ಎಂದೇ ಕಾಣಲಿ. ಎರಡು, ಹಂಚುವ ಅಥವಾ ವಸೂಲಿ ಮಾಡುವ ಮೊತ್ತಕ್ಕೆ ಗುಂಡಿಯನ್ನು ನಂಬದೆ ರೌಂಡ್ ಅಥವಾ ರೌಂಡ್‌ಡೌನ್ ಸೂತ್ರ ಹಾಕಿ. ಮೂರು, ಹಾಳೆಯ ಕೊನೆಯಲ್ಲಿ 'ರೌಂಡ್ ಆಫ್ ವ್ಯತ್ಯಾಸ' ಎಂಬ ಒಂದು ಸಾಲು ಇಡಿ. ಒಂದು ರೂಪಾಯಿ ಇದ್ದರೂ ಅಲ್ಲಿ ಬರೆಯಿರಿ, ಕೈಯಿಂದ ಹಾಕಿದರೆ ಅದನ್ನೂ ಬರೆಯಿರಿ. ನಾಲ್ಕು, ಪೈಸೆಯನ್ನು ಹೇಗೆ ಬಿಡುತ್ತೇವೆ ಎನ್ನುವುದನ್ನು ಮುಂದಿನ ಸಭೆಯಲ್ಲಿ ಎಲ್ಲರೆದುರು ಓದಿ ಠರಾವು ಮಾಡಿಸಿಕೊಳ್ಳಿ.

ಹಣದ ವಿಷಯದಲ್ಲಿ ಒಬ್ಬರನ್ನೊಬ್ಬರು ನಂಬಿ ಸಂಸ್ಥೆ ಕಟ್ಟುವುದು ಈ ನಗರದಲ್ಲಿ ಕನ್ನಡ ನಾಡಿನಿಂದ ಬಂದವರಿಗೆ ಹೊಸದಲ್ಲ. ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕಿನ ಮೂಲವಾದ ಪತ್ತಿನ ಸಂಘ 1906ರಲ್ಲಿ ಹುಟ್ಟಿತು. ಅದನ್ನು ಕಟ್ಟಿದ ಶ್ರೀಪಾದ ಸುಬ್ಬರಾವ್ ತಲ್ಮಕಿ ಅವರ ಶ್ರಮದಿಂದಲೇ ಗಾಂದೇವಿಯ ಸಾರಸ್ವತ ಸಹಕಾರಿ ಹೌಸಿಂಗ್ ಸೊಸೈಟಿ 1915ರಲ್ಲಿ ನೋಂದಣಿಯಾಯಿತು. ಬಿಲ್ಲವ ಸಮಾಜದವರು ಕಟ್ಟಿದ ಭಾರತ್ ಬ್ಯಾಂಕ್ ಶುರುವಾದದ್ದು 1978ರಲ್ಲಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರು ತಮ್ಮ ಸಣ್ಣ ಉಳಿತಾಯವನ್ನು ಇಂಥ ಕಡೆ ಇಟ್ಟದ್ದು ಅಲ್ಲಿ ಪೈಸೆ ಪೈಸೆಗೂ ಪುಸ್ತಕದಲ್ಲಿ ಉತ್ತರವಿರುತ್ತದೆ ಎಂಬ ಧೈರ್ಯದಿಂದ. ನಮ್ಮ ಇಪ್ಪತ್ತು ಮೂವತ್ತು ಮಂದಿಯ ಗಟ್‌ಗಳಿಗೂ ಅದೇ ಧೈರ್ಯ ಬೇಕು. ನಮ್ಮ ಹೆಣ್ಣುಮಕ್ಕಳಿಗೆ ಲೆಕ್ಕ ಬರೆಯಲು ಬರುತ್ತದೆ, ಪ್ರಾಮಾಣಿಕತೆಯೂ ಇದೆ. ಅದು ಹಾಳೆಯ ಮೇಲೆ ಎಲ್ಲರಿಗೂ ಕಾಣುವಂತೆಯೂ ಇರಲಿ. ಚಹಾದ ನಂತರ ಲ್ಯಾಪ್‌ಟಾಪ್ ತೆರೆದು ಕುಳಿತಿರುತ್ತೇನೆ, ನಿಮ್ಮ ನಿಮ್ಮ ಹಾಳೆಗಳನ್ನು ಸಂಕೋಚವಿಲ್ಲದೆ ತನ್ನಿ.